ಹಿಡಿಕೆ ಹಾಕದ ಚೂರಿ

ಅತನೂರ,
ರವಿವಾರ, ತಾ. ೨೮ ನವೆಂಬರ ೧೯೪೮

ಅಂಬಾರಾಯನ ಅಪ್ಪನವರಿಗೆ ಕಾಶಿಬಾಯಿಯ ಶರಣು ಶರಣಾರ್ಥಿ.

ಇಲ್ಲಿ ಎಲ್ಲರೂ ಕ್ಷೇಮ. ಎಮ್ಮೆ ಈದಿದೆ, ಹೆಣ್ಣುಗರು. ಹಿಂದಿನ ಹೊಲದ ಜೋಳ ಎದೆಯುದ್ದ ನಿಂತಿದೆ. ನೀವೂ ಜೇವರ್ಗಿಯಲ್ಲಿ ಅಕ್ಕನ ಕೈಯ ರೊಟ್ಟಿ ತಿಂದು ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಏಳು ತಿಂಗಳಲ್ಲಿ ಅವರಿಗೂ ನಿಮ್ಮ ಸಿಟ್ಟಿನ ಪರಿಚಯ ಚೆನ್ನಾಗಿ ಆಗಿರಬೇಕು.

ಈ ಪತ್ರ ತಂದವನನ್ನು ಕಂಡು ನೀವು ಬೆರಗಾಗಿರುತ್ತೀರಿ. ಹೌದು, ಅವನು ನಮ್ಮೂರ ಕುರಿಯ ಮಾಳಿಂಗಪ್ಪನೇ. ಚೈತ್ರದಲ್ಲಿ ಕಾಣೆಯಾದವನು ದೀಪಾವಳಿ ಮುಗಿದ ಮೇಲೆ ಹೆಂಡತಿ ನಿಂಬೆವ್ವನನ್ನೂ ಉಳಿದ ಕುರಿಗಳನ್ನೂ ಕರೆದುಕೊಂಡು ಊರಿಗೆ ಮರಳಿದ್ದಾನೆ. ಅವನ ಹೆಗಲ ಮೇಲೊಂದು ಗಂಟಿದೆ. ಈ ಪತ್ರವನ್ನು ಕೊನೆಯ ಅಕ್ಷರದವರೆಗೆ ಓದುವ ತನಕ ಆ ಗಂಟು ಬಿಚ್ಚಿಸಬೇಡಿ, ಅವನನ್ನು ಏನೂ ಕೇಳಬೇಡಿ. ಕೇಳಿದರೂ ಹೇಳುವುದಿಲ್ಲ, ನಾನು ಆಣೆ ಹಾಕಿಸಿದ್ದೇನೆ. ಅವನಿಗೆ ನೀರು-ಬೆಲ್ಲ ಕೊಟ್ಟು ಕಟ್ಟೆಯ ಮೇಲೆ ಕೂಡಿಸಿ, ನೀವು ಓದಿ.

ಮೊದಲು ಮುಖ್ಯ ಮಾತು. ನಮ್ಮ ಅಂಬಾರಾಯನ ಮದುವೆ ಡಿಸೆಂಬರ ಹತ್ತಕ್ಕೆ, ಶುಕ್ರವಾರ. ಬೀಗರು ಘತ್ತರಗಿಯವರೇ. ಹೋದ ವರ್ಷ ನೀವೇ ನೋಡಿ ಬಂದು, "ಹುಡುಗಿ ಚಲೋ ಅದಾಳ, ಮಾತ ಕಡಿಮಿ" ಎಂದು ಮೆಚ್ಚಿಕೊಂಡ ಮನೆ. ಮಾತು ಕಡಿಮೆ ಎಂಬುದು ನಿಮಗೆ ಅಷ್ಟೊಂದು ಯಾಕೆ ಹಿಡಿಸಿತೋ ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಆದರೆ ಬೀಗರು ಒಂದು ಮಾತು ಗಟ್ಟಿಯಾಗಿ ಹೇಳಿಹೋದರು. "ತಂದಿ ಇದ್ದೂ ಇಲ್ಲದ ಮದಿವಿ ನಮಗ ಬ್ಯಾಡ್ರಿ ಯವ್ವಾ. ಖಂಡಪ್ಪನವ್ರು ಬಂದು ಕುಂಡ್ರಲಿ. ಇಲ್ಲಂದ್ರ ನಮ್ಮ ಹುಡುಗಿಗಿ ಬ್ಯಾರೆ ಕಡೀಂದ ಸುದ್ದಾ ಕೇಳಾಕತ್ತಾರ." ನೀವು ಬಂದರೆ ಮದುವೆ, ಬಾರದಿದ್ದರೆ ಇಲ್ಲ. ಮಗ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ದಿನಕ್ಕೆ ಎರಡು ಸಲ ಜೇವರ್ಗಿಯ ದಾರಿಯ ಕಡೆಗೆ ಎತ್ತು ಹೊಡೆದುಕೊಂಡು ಹೋಗಿ ಬರುತ್ತಾನೆ, ಆ ಕಡೆ ನಮ್ಮ ಹೊಲವೇ ಇಲ್ಲ.

ನೀವು ಯಾಕೆ ಮನೆಗೆ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಆ ಚೂರಿ. ನಿಮ್ಮ ಮುತ್ತಜ್ಜನಿಂದ ನಿಮ್ಮವರೆಗೆ ನಾಲ್ಕು ತಲೆಮಾರಿನ ಮದುಮಕ್ಕಳು, ಅರಿಷಿಣ ಹಚ್ಚಿದ ದಿನದಿಂದ ಅಕ್ಕಿಕಾಳು ಬೀಳುವ ತನಕ, ಮೊನೆಗೆ ಲಿಂಬೆಹಣ್ಣು ಚುಚ್ಚಿ ಕೈಯಲ್ಲಿ ಹಿಡಿದ ಬೆಳ್ಳಿ ಹಿಡಿಕೆಯ ಚೂರಿ. ಮದುಮಗನ ಕೈಯಲ್ಲಿ ಕಬ್ಬಿಣ ಇಲ್ಲದಿದ್ದರೆ ದೃಷ್ಟಿ ತಾಗುತ್ತದೆ ಎನ್ನುವುದು ಎಲ್ಲ ಮನೆಗಳ ನಂಬಿಕೆ. ಇದೇ ಚೂರಿ ಇಲ್ಲದಿದ್ದರೆ ವಂಶವೇ ನಿಂತುಹೋಗುತ್ತದೆ ಎನ್ನುವುದು ನಿಮ್ಮೊಬ್ಬರದು. ಆ ಗದ್ದಲದ ದಿನಗಳಲ್ಲಿ, ಯಾರ ಮನೆಯಲ್ಲಿ ಏನೇನು ಕತ್ತಿ, ಚೂರಿ, ಕೊಡಲಿ ಇದೆಯೋ ಎಲ್ಲ ಚಾವಡಿಗೆ ತಂದು ಒಪ್ಪಿಸಬೇಕೆಂದು ಡಂಗುರವಾದಾಗ ನೀವು ಎತ್ತು ಕೊಳ್ಳಲು ಪರಊರಿಗೆ ಹೋಗಿದ್ದಿರಿ. ತಿರುಗಿ ಬಂದವರೇ ದೇವರ ಜಗಲಿಯ ಮೇಲೆ ಕೈಯಾಡಿಸಿದಿರಿ. ಚೂರಿ ಇರಲಿಲ್ಲ. ಚಾವಡಿಗೆ ಕೊಟ್ಟೆ ಎಂದು ನಾನು ಹೇಳಿದೆ. "ಮಜ್ಜಿಗಿ ಕೊಟ್ಟಾಂಗ ಕೊಟ್ಟ ಬಂದೀಯಲ್ಲ! ಆ ಚೂರಿ ಈ ಮನಿಗಿ ಬರೂತನಕ ನಾನೂ ಈ ಹೊಸ್ತಿಲಾ ತುಳ್ಯಾಂಗಿಲ್ಲ" ಎಂದು ಗೂಟದ ಅಂಗಿ ಹೆಗಲಿಗೆ ಹಾಕಿಕೊಂಡು ನಡೆದಿರಿ. ಬುತ್ತಿ ಕಟ್ಟುತ್ತೇನೆ ಎಂದರೂ ನಿಲ್ಲಲಿಲ್ಲ.

ಸಪ್ಟೆಂಬರಿನಲ್ಲಿ ನಿಜಾಮನ ರಾಜ್ಯ ಹೋದ ಮೇಲೆ ಚಾವಡಿಯ ರಾಶಿಯಿಂದ ಅವರವರ ಸಾಮಾನು ಅವರವರು ಆರಿಸಿ ತಂದರು. ನೀವು ಆಳಿನ ಕೈಯಲ್ಲಿ ಕೇಳಿ ಕಳಿಸಿದಿರಿ. ನಮ್ಮದು ಸಿಗಲಿಲ್ಲ ಎಂದು ನಾನು ಹೇಳಿ ಕಳಿಸಿದೆ. ಚಾವಡಿಯ ಮಾತು ಇಲ್ಲಿಗೆ ಸಾಕು. ಅದನ್ನು ಎಷ್ಟು ಕಡಿಮೆ ಬರೆದರೆ ನನಗೆ ಅಷ್ಟು ಒಳ್ಳೆಯದು.

ಈಗ ಹೊಸ ಚೂರಿಯ ಕಥೆ ಕೇಳಿ. ಮದುಮಗನ ಕೈಗೆ ಒಂದು ಕಬ್ಬಿಣವಂತೂ ಬೇಕು. ದೇಶಮುಖರ ಮನೆಯವರು ತಮ್ಮ ಕಠಾರಿ ಎರವಲು ಕೊಡುತ್ತೇವೆ ಎಂದರು. ಅದನ್ನು ಹೇಳುವಾಗ ಆ ಬಾಯಿಯವರ ಮುಖದಲ್ಲಿ ಒಂದು ನಗೆ ಇತ್ತು, ಆ ನಗೆಗೆ ನಾನು ಬೇಡ ಎಂದುಬಿಟ್ಟೆ. ಹೊಸದನ್ನೇ ಕೊಳ್ಳೋಣ ಎಂದಾಗ ಅಂಬಾರಾಯ ಒಂದು ಮಾತು ಹೇಳಿದ. "ಎವ್ವಾ, ಮದಿವಿ ನಾಕ ದಿನದ್ದು, ಚೂರಿ ಜಲ್ಮಕ್ಕ ಬೇಕು. ಲಿಂಬಿಹಣ್ಣ ತಗದ ಮ್ಯಾಲ ಹೊಲಕ್ಕ ಒಯ್ಯಾಂಗ ಇರ್ಲಿ. ಆದ್ರ ಭಾಳ ರೊಕ್ಕದ್ದು ಬ್ಯಾಡ." ನಿಮ್ಮ ಮಗ ಇಷ್ಟು ಶಾಣ್ಯಾ ಯಾವಾಗ ಆದನೋ ನಾನು ನೋಡಲೇ ಇಲ್ಲ. ಬಹುಶಃ ನೀವು ಮನೆಯಲ್ಲಿ ಇಲ್ಲದಿದ್ದಾಗ ಆಗಿರಬೇಕು.

ಮೊದಲು ಅಫಜಲಪುರದ ಸಂತೆಯಲ್ಲಿ ನೋಡಿದೆವು. ಅಲ್ಲಿ ಮಡಚುವ ಚಾಕು ಇತ್ತು, ಮೀನಿನ ಆಕಾರದ ಹಿತ್ತಾಳೆ ಹಿಡಿಕೆ, ಬೆಲೆಯೂ ಅಗ್ಗ. ಮಾರುವವನು ಟಕ್ಕೆಂದು ಬಿಚ್ಚಿ, ಟಕ್ಕೆಂದು ಮುಚ್ಚಿ ತೋರಿಸಿದ. ನಾನು ತೆಗೆದುಕೊಂಡು ಒಂದೇ ಕೈಯಲ್ಲಿ ಬಿಚ್ಚಲು ನೋಡಿದೆ, ಆಗಲಿಲ್ಲ. ಒಂದು ಕೈಯಲ್ಲಿ ಜೀವ ಹಿಡಿದುಕೊಂಡಿರುವಾಗ ಇನ್ನೊಂದು ಕೈಯಿಂದ ಬಿಚ್ಚಲಾಗದ ಚೂರಿ ಯಾತಕ್ಕೆ ಬಂತು ಎಂದೆ. ಅಂಬಾರಾಯ ನನ್ನ ಮುಖ ನೋಡಿದ. ಕುರಿಮರಿಯ ಮಾತು ಹೇಳಿದೆ ಎಂದು ಸಂಭಾಳಿಸಿಕೊಂಡೆ.

ಆಮೇಲೆ ಭೂಸನೂರಿಗೆ ನನ್ನ ತಮ್ಮ ಮಹಾದೇವಪ್ಪನ ಮನೆಗೆ ಹೋದೆವು. ಅವನ ಬುದ್ಧಿ ನಿಮಗೆ ಗೊತ್ತೇ ಇದೆ, ಕಬ್ಬು ಬಿಟ್ಟು ಜಗತ್ತಿಲ್ಲ. ಕಬ್ಬು ಕಡಿಯುವ ಕೊಯ್ತಾ ತಂದು, "ಅಕ್ಕಾ, ಇದರಷ್ಟು ಗಟ್ಟಿ ಯಾವದೂ ಇಲ್ಲ. ಖಂಡಪ್ಪ ಮಾವ ಸುದ್ದಾ ಸುಮ್ಮನಾಗ್ತಾನ" ಎಂದ. ಅದರ ಮೊಂಡ ತುದಿಗೆ ಲಿಂಬೆಹಣ್ಣು ಸಿಗಿಸಲು ಮಾವ-ಅಳಿಯ ಇಬ್ಬರೂ ಹೆಣಗಾಡಿದರು. ಹಣ್ಣು ಉರುಳಿ ಅವನ ಎಮ್ಮೆಯ ಮುಂದೆ ಬಿತ್ತು, ಎಮ್ಮೆ ತಿಂದಿತು. ಅಲ್ಲಿಗೆ ಕೊಯ್ತಾದ ಮಾತು ಮುಗಿಯಿತು.

ಮರುದಿನ ಸೀರೆ ತರಲು ಆಳಂದಕ್ಕೆ ಹೋದಾಗ ಬಜಾರಿನ ಕೊನೆಯಲ್ಲಿ ಗೌಸಮೊಹಿದ್ದೀನನ ಸಾಣೆಯ ಅಂಗಡಿ ಕಂಡಿತು. ನಮ್ಮ ಅಪ್ಪನ ಕಾಲದಿಂದಲೂ ತವರಿನ ಕುಡಗೋಲುಗಳು ಹದಕ್ಕೆ ಬರುತ್ತಿದ್ದುದು ಅಲ್ಲಿಯೇ. ಮುಂದೆ ಹರಡಿದ್ದು ಬರೀ ಈಳಿಗೆ, ಅಡಕೊತ್ತು, ಕತ್ತರಿ. ಚೂರಿ ಬೇಕು ಎಂದೆ. ಅವನು ತಲೆ ಎತ್ತಲಿಲ್ಲ. "ಚೂರಿ ಮಾರೂದು ಬಿಟ್ಟೀನ್ರಿ ಬಾಯಿ. ಈಗಿನ ದಿನದಾಗ ನನ್ನಂಥಾಂವ ಚೂರಿ ಮುಂದಿಟಗೊಂಡು ಕುಂತ್ರ ನೋಡಾವ್ರು ಏನಂದಾರು?" ಎಂದ. ಅವನ ಗಡ್ಡ ಪೂರಾ ಬೆಳ್ಳಗಾಗಿದೆ. ಹೋದ ಯುಗಾದಿಗೆ ಹಾಗಿರಲಿಲ್ಲ. ನಾನು ಜೋಳಿಗೆಯಿಂದ ಲಿಂಬೆಹಣ್ಣು ತೆಗೆದು ಅವನ ಮುಂದಿಟ್ಟೆ. ಮಗನನ್ನು ತೋರಿಸಿದೆ. ಒಳಗಿನಿಂದ ಅವನ ಹೆಂಡತಿ ಹುಸೇನಬೀ ಪರದೆ ಸರಿಸಿ, "ಮದಿವಿ ಮನ್ಯಾವ್ರಿಗಿ ಇಲ್ಲ ಅನಬ್ಯಾಡ್ರಿ, ಬರ್ಕತ್ ಆಗಾಂಗಿಲ್ಲ" ಎಂದಳು. ಆಗ ಅವನು ಎದ್ದು ಹೋಗಿ ಗೋಣಿಯಲ್ಲಿ ಸುತ್ತಿಟ್ಟ ನಾಲ್ಕು ಚೂರಿ ತಂದ.

ಒಂದೊಂದನ್ನೇ ಕಲ್ಲಿನ ಮೇಲಿಟ್ಟ, ನಾವು ಕಲ್ಲಿನ ಮೇಲಿಂದ ಎತ್ತಿಕೊಂಡೆವು. ಚೂರಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆ ಎನ್ನುವುದನ್ನು ಅವನೂ ಬಿಟ್ಟಿಲ್ಲ. ಮೊದಲನೆಯದು ಥಳಥಳ ಹೊಳೆಯುತ್ತಿತ್ತು, ಹಿಡಿಕೆಗೆ ದಂತದ ಹೂವು. ನಾನು ಅದರ ಚೆಂದ ನೋಡದೆ, ಹಿಡಿಕೆಯೊಳಗೆ ಸೇರುವ ಕಬ್ಬಿಣದ ಬಾಲ ಎಷ್ಟುದ್ದ ಇದೆ ಎಂದು ಕೇಳಿದೆ. ಬಿಸಿಲಿಗೆ ಒಳಗಿನ ಅರಗು ಕರಗಿದರೆ ಹಿಡಿಕೆ ಕಳಚುವುದಿಲ್ಲವೇ ಎಂದೆ. ಮುಳ್ಳು ಸವರುವಾಗ ಮೊನೆ ಬಾಗಿದರೆ ಏನು ಮಾಡುವುದು ಎಂದೆ. ಕೈ ಒದ್ದೆಯಾಗಿದ್ದರೆ ಜಾರಿ ಅಲಗಿನ ಮೇಲೆ ಬರುತ್ತದೋ ಹೇಗೆ ಎಂದೆ. ಗೌಸಮೊಹಿದ್ದೀನ ಮೊದಲನೆಯದನ್ನು ತಾನಾಗಿಯೇ ಗೋಣಿಗೆ ಸುತ್ತಿಟ್ಟು ನಕ್ಕ. "ಬಾಯಿ, ನಲವತ್ತ ವರ್ಷ ಆತು ಈ ಕೆಲಸ ಮಾಡಾಕತ್ತು. ಗಂಡಸ್ರು ಹಿಡಿಕಿ ನೋಡಿ ಒಯ್ತಾರ. ಇದನ್ನೆಲ್ಲ ನಿಮಗ ಯಾರು ಕಲಿಸ್ಯಾರ?" ನಮ್ಮ ಕಡೆ ಒಬ್ಬರು ಬಲ್ಲವರಿದ್ದಾರೆ ಎಂದು ಹೇಳಿ ಮಾತು ತಿರುಗಿಸಿದೆ. ಅದು ನೀವು ಎಂದು ಅಂಬಾರಾಯ ತಿಳಿದುಕೊಂಡ. ಇರಲಿ.

ನಾಲ್ಕನೆಯದನ್ನು ಕೊನೆಗೆ ತೋರಿಸಿದ. ನೋಡಲು ಏನೂ ಇಲ್ಲ. ಕಪ್ಪು ಅಲಗು, ಒಂದು ಗೇಣಿಗೆ ಎರಡು ಬೆರಳು ಕಡಿಮೆ. ಕೆಟ್ಟುನಿಂತ ಯಾವುದೋ ಲಾರಿಯ ಅಡಿಯ ಕಮಾನಿನ ಪಾಟಾ ಕಾಯಿಸಿ ಬಡಿದದ್ದಂತೆ. "ಮಿಲ್ಟ್ರಿ ಲಾರೀದು. ಗುಂಡ ಹೊತ್ತಿದ್ದ ಕಬ್ಬಿಣ ಇನ್ನ ಮ್ಯಾಲ ಲಿಂಬಿಹಣ್ಣ ಹೊರ್ಲಿ ಬಿಡ್ರಿ" ಎಂದ. ಬೆನ್ನು ದಪ್ಪ, ಬಾಯಿ ತೆಳು. ಬಾಲ ಹಿಡಿಕೆಯ ಉದ್ದಕ್ಕೂ ಅಲಗಿನಷ್ಟೇ ಅಗಲವಾಗಿ ಹೋಗಿದೆ, ಅದರಲ್ಲಿ ಮೂರು ತೂತು. ಎರಡೂ ಮಗ್ಗುಲಿಗೆ ಕಟ್ಟಿಗೆ ಕೂಡಿಸಿ ಮೂರು ಮೊಳೆ ಹೊಡೆದರೆ, ಕಟ್ಟಿಗೆ ಸೀಳಬಹುದೇ ಹೊರತು ಚೂರಿ ಕಳಚುವುದಿಲ್ಲ. ಅವನು ಅದರಿಂದ ಪುಂಡಿನಾರಿನ ಹಗ್ಗ ಒಂದೇ ಏಟಿಗೆ ಕೊಯ್ದ. ಮೊನೆಯನ್ನು ಜಾಲಿಯ ಕೊರಡಿಗೆ ಚುಚ್ಚಿ ಮೈಭಾರ ಹಾಕಿ ಬಗ್ಗಿಸಿದ, ಬಿಟ್ಟ ಕೂಡಲೇ ನೆಟ್ಟಗಾಯಿತು. ಅಂಬಾರಾಯ ಒಂದು ಜೋಳದ ದಂಟಿನ ಸಿಪ್ಪೆ ಸುಲಿದು ಅಲ್ಲೇ ತಿನ್ನುತ್ತ ಕುಳಿತ. ಅಂದರೆ ಒಪ್ಪಿಗೆಯಾಯಿತು ಎಂದು ನನಗೆ ತಿಳಿಯಿತು. ಒಂದೇ ದೋಷ, ಮೈ ಒದ್ದೆಯಿಟ್ಟರೆ ತುಕ್ಕು ಹಿಡಿಯುತ್ತದಂತೆ, ಒರೆಸಿ ಕುಸುಬೆ ಎಣ್ಣೆ ಸವರಬೇಕು. ಮನುಷ್ಯರಿಗೇ ಅಷ್ಟು ಆರೈಕೆ ಮಾಡುತ್ತೇವೆ, ಇದಕ್ಕೇನು ಮಹಾ.

ಹಿಡಿಕೆ ಹಾಕಿಕೊಟ್ಟರೆ ಮೂರು ರೂಪಾಯಿ, ಬರೀ ಅಲಗಾದರೆ ಒಂದೂಮುಕ್ಕಾಲು ಎಂದ. ನಾನು ಬರೀ ಅಲಗು ತಂದೆ. ಹಣ ಉಳಿಯಲಿ ಎಂದು ಮಹಾದೇವಪ್ಪನ ಮುಂದೆ ಹೇಳಿದೆ. ನಿಮ್ಮ ಮುಂದೆ ಯಾಕೆ ಸುಳ್ಳು? ಅಟ್ಟದ ಮೇಲೆ ನೀವು ಎರಡು ಬೇಸಿಗೆ ಒಣಗಿಸಿಟ್ಟ ಜಾಲಿಯ ತುಂಡು ಹಾಗೆಯೇ ಇದೆ. ಈ ಮನೆಯ ಕುಡಗೋಲು, ಕಳೆಯ ಕುರ್ಚಿಗಿ, ಎಲ್ಲಕ್ಕೂ ಹಿಡಿಕೆ ಹಾಕಿದ ಕೈ ನಿಮ್ಮದು. ಇಪ್ಪತ್ತೆರಡು ವರ್ಷ ನಿಮ್ಮ ಹಿಡಿಕೆ ಹಿಡಿದು ಕಳೆ ತೆಗೆದಿದ್ದೇನೆ, ಅಂಗೈಯಲ್ಲಿ ಒಂದು ಬೊಬ್ಬೆ ಬಂದಿಲ್ಲ. ಬಡಿಗೇರನ ಹತ್ತಿರ ಒಯ್ಯೋಣವೇ ಎಂದು ಮಗನನ್ನು ಕೇಳಿದರೆ, "ಅಪ್ಪ ಹಾಕಿದ್ರ ಹಿಡೀತೇನಿ. ಇಲ್ಲಂದ್ರ ಬರೇ ಲಿಂಬಿಹಣ್ಣ ಹಿಡಕೊಂಡು ಕುಂಡ್ರತೇನಿ" ಎಂದು ಹೊರಗೆ ಹೋದ. ನಿಮ್ಮ ಹಟ ನಿಮ್ಮ ಮಗನಿಗೆ ಬರದೆ ಪಕ್ಕದ ಮನೆಯವನಿಗೆ ಬಂದೀತೇ?

ಅರಿಷಿಣ ಡಿಸೆಂಬರ ಆರಕ್ಕೆ, ಸೋಮವಾರ. ಹಿಡಿಕೆಗೆ ಎರಡು ದಿನವಾದರೂ ಬೇಕು. ಅಲಗನ್ನು ಎಣ್ಣೆ ಸವರಿ ದೇವರ ಜಗಲಿಯ ಮೇಲೆ, ಹಳೆಯದು ಇರುತ್ತಿದ್ದ ಜಾಗದಲ್ಲಿಯೇ ಇಟ್ಟಿದ್ದೇನೆ. ಅದನ್ನು ನಿಮ್ಮ ಹತ್ತಿರ ಕಳಿಸುವುದಿಲ್ಲ. ಕಳಿಸಿದರೆ ಅಲ್ಲಿಯೇ ಹಿಡಿಕೆ ಹಾಕಿ, ತಂದವನ ಕೈಯಲ್ಲಿಯೇ ತಿರುಗಿ ಕಳಿಸುವ ಪೈಕಿ ನೀವು. ನನಗೆ ಹಿಡಿಕೆ ಅಷ್ಟೇ ಸಾಲದು.

ನಿಮ್ಮ ದಾರಿ ನೋಡುವ,
ಕಾಶಿಬಾಯಿ

ತಾ.ಕ.: ಹೆಸರು ಹಾಕಿದ ಮೇಲೆ ಧೈರ್ಯ ಬಂದಿದೆ, ಇನ್ನು ನಿಜ ಬರೆಯುತ್ತೇನೆ. ಆ ಚೂರಿಯನ್ನು ನಾನು ಚಾವಡಿಗೆ ಕೊಡಲೇ ಇಲ್ಲ.

ಡಂಗುರವಾದ ದಿನ ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ನಿಂಬೆವ್ವ ಹಿತ್ತಲಿಗೆ ಬಂದಳು. ದಿನ ತುಂಬಿದ ಬಸುರಿ. ನಿಜಾಮನ ವಿರುದ್ಧ ಹೋರಾಡುತ್ತಿದ್ದ ಗಡಿಯಾಚೆಯ ಕ್ಯಾಂಪಿನವರಿಗೆ ದಾರಿ ತೋರಿಸಿದನೆಂದು ಮಾಳಿಂಗಪ್ಪನನ್ನು ಹುಡುಕುತ್ತಿದ್ದರು. ಅವನು ಮುಂಚೆಯೇ ಹೊಳೆ ದಾಟಿದ್ದ, ಅವಳೂ ಕುರಿ ಹೊಡೆದುಕೊಂಡು ಆ ಕಡೆಗೇ ಹೊರಟಿದ್ದಳು. "ಎವ್ವಾರ, ಚಾವಡ್ಯಾವ್ರು ನಮ್ಮ ಕುಡಗೋಲ ಸುದ್ದಾ ಒಯ್ದಾರ್ರಿ. ದಾರ್ಯಾಗ ಬ್ಯಾನಿ ಬಂದ್ರ ಹೊಕ್ಕಳಾ ಕೊಯ್ಯಾಕ ಒಂದ ಕಬ್ಬಿಣರ ಬೇಕಲ್ಲರಿ" ಎಂದಳು. ಮಿಕ್ಕಿದ್ದನ್ನೆಲ್ಲ ಬೆಳಿಗ್ಗೆಯೇ ಒಪ್ಪಿಸಿದ್ದೆ, ಮನೆಯಲ್ಲಿ ಉಳಿದ ಕಬ್ಬಿಣ ಆ ಚೂರಿಯೊಂದೇ. ಮರುದಿನ ಅದು ಚಾವಡಿಯ ರಾಶಿಗೆ ಹೋಗುವುದೇ ಇತ್ತು. ನೆಲದ ಮೇಲಿಟ್ಟೆ, ಅವಳು ಎತ್ತಿಕೊಂಡಳು. ಅವಳು ಮರಳಿ ಬರುವ ತನಕ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನಿಮಗೆ ಯಾಕೆ ಹೇಳಲಿಲ್ಲ ಎಂದರೆ, ನಿಮ್ಮ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನೀವು ಕೆಟ್ಟವರಲ್ಲ, ಆದರೆ ಗುಡಿಯ ಕಟ್ಟೆಗೆ ಹೋಗಿ ಕುಳಿತರೆ ಮನೆಯ ಉಪ್ಪಿನಕಾಯಿಯ ಲೆಕ್ಕವೂ ಊರಿಗೆ ಗೊತ್ತಾಗುತ್ತದೆ. ಆ ಒಂದು ಮಾತು ಹೊರಗೆ ಬಿದ್ದಿದ್ದರೆ ಎರಡು ಜೀವ, ಅಲ್ಲ ಮೂರು ಜೀವ ಹೋಗುತ್ತಿದ್ದವು. ಆಮೇಲೆ ನೀವು ಹೊರಟುಹೋದಿರಿ, ಸುಳ್ಳು ಗಟ್ಟಿಯಾಯಿತು. ಅದು ನನ್ನ ತಪ್ಪು. ಏಳು ತಿಂಗಳು ಒಬ್ಬಳೇ ಅದನ್ನು ಹೊತ್ತು ನನಗೂ ಸಾಕಾಗಿದೆ.

ಅವಳು ಹೋದ ಐದನೆಯ ದಿನ, ಹೊಳೆಯಾಚೆ ಒಂದು ಜಾಲಿಯ ಕೆಳಗೆ ಹಡೆದಳು. ಅದಕ್ಕೂ ಮುಂಚೆಯೇ ಮುಳ್ಳು ಸವರುವಾಗ ನಿಮ್ಮ ಮುತ್ತಜ್ಜನ ಚೂರಿಯ ಮೊನೆ ಬಾಗಿ ಮುರಿದಿತ್ತು. ಬಿಸಿಲಿಗೆ ಅರಗು ಕರಗಿ ಬೆಳ್ಳಿಯ ಹಿಡಿಕೆ ಕಳಚಿ ಬಂತು. ಒಳಗೆ ಬಾಲ ಇದ್ದದ್ದು ಹೆಬ್ಬೆರಳಿನಷ್ಟು. ಅವಳು ಸೀರೆಯ ಸೆರಗು ಹರಿದು ಅದಕ್ಕೆ ಸುತ್ತಿ, ಬೆವರಿದ ಕೈಯಲ್ಲಿ ಜಾರುತ್ತಿದ್ದ ಅದನ್ನೇ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೂಸು ಹಿಡಿದು ಹೊಕ್ಕಳು ಕೊಯ್ದಳು. ಆಳಂದದಲ್ಲಿ ನಾನು ಕೇಳಿದ ಪ್ರಶ್ನೆಗಳೆಲ್ಲ ನಿಂಬೆವ್ವನವು. ಅಪ್ಪಂದಿರ ಕಾಲದ್ದು ಎಂದು ಬೆಳ್ಳಿಯ ಹಿಡಿಕೆ ನೋಡಿ ನಾವು ಮೆರೆದೆವು, ನಾಲ್ಕು ತಲೆಮಾರು ಲಿಂಬೆಹಣ್ಣು ಬಿಟ್ಟು ಅದು ಬೇರೇನನ್ನೂ ಕೊಯ್ದಿರಲಿಲ್ಲ. ಕೊಯ್ಯಬೇಕಾದ ದಿನ ಮಾತ್ರ ಮುರಿದುಕೊಂಡೂ ಕೊಯ್ಯಿತು. ಕೂಸು ಹೆಣ್ಣು. ಈಗ ಕೂಡಲು ಕಲಿತಿದೆ, ನಮ್ಮ ಪಡಸಾಲೆಯಲ್ಲಿ ಕುಳಿತು ನಾನು ಬರೆಯುವ ಕಾಗದಕ್ಕೆ ಕೈ ಚಾಚುತ್ತಿದೆ. ಈ ಪುಟದ ಮೂಲೆ ಹರಿದದ್ದು ಅದರ ಕೆಲಸ.

ನಿಂಬೆವ್ವ ಬೆಳ್ಳಿಯ ಹಿಡಿಕೆಯನ್ನು ಏಳು ತಿಂಗಳು ಉಡಿಯಲ್ಲಿ ಕಟ್ಟಿಕೊಂಡು ತಿರುಗಿದ್ದಾಳೆ. ಹಸಿದಾಗಲೂ ಮಾರಲಿಲ್ಲ. ಮಾಳಿಂಗಪ್ಪನ ಗಂಟಿನಲ್ಲಿ ಅದೂ ಇದೆ, ಸೆರಗಿನ ಚಿಂದಿ ಸುತ್ತಿದ ಅಲಗೂ ಇದೆ. ಈಗ ಬಿಚ್ಚಲು ಹೇಳಿ. ಕೈಯಿಂದ ಕೈಗೆ ತೆಗೆದುಕೊಳ್ಳಬೇಡಿ, ಅವನು ನೆಲದ ಮೇಲಿಡಲಿ, ನೀವು ಎತ್ತಿಕೊಳ್ಳಿ. ಚಿಂದಿ ಬಿಚ್ಚಬೇಡಿ. ಅವನ ಮೇಲೆ ಸಿಟ್ಟಾಗಬೇಡಿ, ಆಗುವುದಿದ್ದರೆ ನನ್ನ ಮೇಲೆ ಆಗಿ, ಆದರೆ ಇಲ್ಲಿಗೆ ಬಂದು ಆಗಿ.

ಆ ಚೂರಿ ಮನೆಗೆ ಬರುವ ತನಕ ನಾನೂ ಬರುವುದಿಲ್ಲ ಎಂದು ಆಣೆ ಮಾಡಿದವರು ನೀವು. ಅದನ್ನು ನಾನೇ ಮನೆಯಲ್ಲಿ ಇಟ್ಟುಕೊಂಡು, ಬಂದಿದೆ ಬನ್ನಿ ಎಂದು ಬರೆಯಬಹುದಿತ್ತು. ಬರೆದರೆ ನೀವು ನಂಬಬೇಕಲ್ಲ, ಒಮ್ಮೆ ಸುಳ್ಳು ಹೇಳಿದವಳು ನಾನು. ಅದಕ್ಕೇ ನಿಮ್ಮ ಹತ್ತಿರವೇ ಕಳಿಸಿದ್ದೇನೆ. ಚೂರಿಗೆ ಕಾಲಿಲ್ಲ, ನಿಮಗಿವೆ. ಅದನ್ನು ಮನೆಗೆ ತನ್ನಿ.